ಮೂಗಿನ ಸಾಕ್ಷಿ

"ಯಾವ ಪೊಟ್ಟಣ ಯಾರದು ಅಂತ ನನಗೊಬ್ಬನಿಗೇ ಗೊತ್ತು," ಎಂದ ದೇವಯ್ಯ. "ನಾನೇ ಕೂತು ಕಟ್ಟಿದ್ದೀನಿ. ಇನ್ನು ಮೋಸದ ಮಾತೇ ಇಲ್ಲ."

ಮಂಡಿ ಮೊಹಲ್ಲಾದ ಅವನ ವಠಾರದ ಅಂಗಳದಲ್ಲಿ ನಾಲ್ಕು ಪೊಟ್ಟಣಗಳು ಸಾಲಾಗಿದ್ದವು. ಒಂದೇ ಗಾತ್ರ, ಒಂದೇ ಪತ್ರಿಕೆಯ ಹಾಳೆ. ಒಳಗೆ ಆ ಬೆಳಗ್ಗೆ ಹೊಸೆದ ಊದುಬತ್ತಿ. ವಠಾರದ ನಾಲ್ವರು ಹೆಂಗಸರು ದೇವಯ್ಯನಿಗೆ ಬತ್ತಿ ಹೊಸೆಯುತ್ತಿದ್ದರು. ಅವನ ಕೋಣೆಗಳಲ್ಲೇ ಇದ್ದರು. ಕೆಲಸ ಹೋದರೆ ಕೋಣೆಯೂ ಹೋದಂತೆ.

ಇವತ್ತು ಹೋಗುವ ಸರದಿ ಅಂತೋಣಮ್ಮನದು ಎಂದು ಎಲ್ಲರಿಗೂ ಗೊತ್ತಿತ್ತು.

ಮಾರ್ಕೆಟ್ಟಿನ ಅಂಗಡಿಯವನು ಒಂದು ಪೆಟ್ಟಿಗೆ ಮಾಲು ವಾಪಸು ಕಳಿಸಿದ್ದ. ದೇವರ ಮುಂದೆ ಹಚ್ಚಿದರೆ ಕೊಳೆತ ನಾತ. ದೇವಯ್ಯ ಪೆಟ್ಟಿಗೆ ತೆರೆದು ಮೇಲಿದ್ದ ಕಟ್ಟನ್ನು ಮೂಸಿ ಓಕರಿಸಿದ. ಆ ಕಟ್ಟಿಗೆ ಬಿಳಿಯ ಹೊಲಿಗೆ ನೂಲು ಸುತ್ತಿತ್ತು. ಬೇರೆಯವರು ಸುತ್ತುತ್ತಿದ್ದದ್ದು ಬಾಳೆನಾರು. ಹೊಲಿಗೆ ನೂಲು ಅಂತೋಣಮ್ಮನದು, ಸತ್ತ ಗಂಡನ ದರ್ಜಿ ಪೆಟ್ಟಿಗೆಯಲ್ಲಿ ಉಳಿದದ್ದು. ದೇವಯ್ಯ ಪೆಟ್ಟಿಗೆ ಮುಚ್ಚಿದ. ಕೆಳಗಿದ್ದ ಕಟ್ಟುಗಳನ್ನು ಯಾರೂ ಮೂಸಲಿಲ್ಲ.

"ಒಣಮೀನು," ಎಂದಳು ಪಕ್ಕದ ಕೋಣೆಯ ಪುಟ್ಟಬಸಮ್ಮ. "ಮೀನು ತಿಕ್ಕಿದ ಕೈಲಿ ದೇವರ ಬತ್ತಿ ಹೊಸೆದ್ರೆ ಇನ್ನೇನಾದೀತು."

"ಅವರು ಹೋದ ಮೇಲೆ ನಮ್ಮನೇಲಿ ಮೀನು ಬೆಂದಿಲ್ಲ ಕಣಮ್ಮ," ಎಂದಳು ಅಂತೋಣಮ್ಮ. "ದಿನಾ ನನ್ನ ಒಲೆ ಮುಂದೆ ಕೂತು ಕಾಫಿ ಕುಡೀತೀಯಲ್ಲ, ಆವಾಗ ನಿನ್ನ ಮೂಗು ಎಲ್ಲಿಗೋಗಿತ್ತು?"

"ನೆಗಡಿ ಆಗಿತ್ತು ಬುಡು."

ಹೆಂಗಸರು ನಕ್ಕರು. ದೇವಯ್ಯ ನಗಲಿಲ್ಲ. ನ್ಯಾಯವಂತ ಎನ್ನಿಸಿಕೊಳ್ಳುವ ಚಟ ಅವನಿಗೆ ಎಲೆಅಡಿಕೆಯಷ್ಟೇ ಅಂಟಿತ್ತು. ಅದಕ್ಕೇ ಈ ಪರೀಕ್ಷೆ. ಅದಕ್ಕೇ ಮರಿಯಯ್ಯನಿಗೆ ಹೇಳಿಕಳಿಸಿದ್ದ.

ಮರಿಯಯ್ಯ ಮಾಲಿಗೆ ಪರಿಮಳ ಕೂಡಿಸುವವನು. ಹೊಸೆದ ಕಟ್ಟುಗಳೆಲ್ಲ ವಿದ್ಯಾರಣ್ಯಪುರಂನ ಅವನ ಮನೆಗೆ ಹೋಗುತ್ತಿದ್ದವು. ಬಾಗಿಲು ಹಾಕಿಕೊಂಡು ತನ್ನ ಗುಟ್ಟಿನ ಎಣ್ಣೆಯಲ್ಲಿ ಅದ್ದಿ, ಅಲ್ಲೇ ಒಣಗಿಸಿ ಕೊಡುತ್ತಿದ್ದ. ಗಂಧದೆಣ್ಣೆಗೆ ಬೆರಕೆ ಬಿದ್ದಿದೆಯೇ ಎಂಬ ಜಗಳ ಯಾವ ಅಂಗಡಿಯಲ್ಲಿ ಎದ್ದರೂ ಅವನ ಮೂಗಿನದೇ ಕೊನೆಯ ಮಾತು. ಮೊದಲೆಲ್ಲ ಬುಡ್ಡಿಯ ಬಿರಡೆ ತೆಗೆದ ಕೂಡಲೇ ಹೇಳಿಬಿಡುತ್ತಿದ್ದ. ಈಚೆಗೆ ಸುತ್ತಲಿನವರನ್ನೆಲ್ಲ ಕೇಳಿ ಕೊನೆಗೆ ಬಾಯಿ ಬಿಡುತ್ತಿದ್ದ. ವಯಸ್ಸಿನ ಜೊತೆ ವಿನಯವೂ ಬಂದಿದೆ ಎಂದು ಜನ ಮೆಚ್ಚಿಕೊಂಡರು.

ವಠಾರದ ಬಾಗಿಲ ಮುಂದಿನ ಚರಂಡಿ ಕಟ್ಟಿಕೊಂಡು ಕಪ್ಪಗೆ ಉಬ್ಬಿತ್ತು. ಮರಿಯಯ್ಯ ಅದನ್ನು ನಿಧಾನವಾಗಿ ದಾಟಿ ಬಂದು ಚಾಪೆಯ ಮೇಲೆ ಕುಳಿತ. ಪುಟ್ಟಬಸಮ್ಮ ಸೆರಗನ್ನು ಮೂಗಿಗೆ ಒತ್ತಿದಳು.

"ಪೊಟ್ಟಣ ಬಿಚ್ಚೋಕೆ ಮುಂಚೇನೇ ಹೊಡೀತಾ ಅದೆ."

ನಿಜ. ಅಂಗಳದಲ್ಲಿ ಸಿಹಿಸಿಹಿಯಾದ, ಗಂಟಲಿಗೆ ಇಳಿಯುವ ನಾತ ಎದ್ದಿತ್ತು. ಎಲ್ಲರೂ ಅಂತೋಣಮ್ಮನಿಂದ ದೂರ ಸರಿದರು. ಅವಳಿಗೂ ಅದು ಬಡಿಯಿತು. ಯಾರಿಗೂ ಕಾಣದ ಹಾಗೆ ತನ್ನ ಅಂಗೈಗಳನ್ನೇ ಮೂಸಿ ನೋಡಿಕೊಂಡಳು.

ದೇವಯ್ಯ ನಶ್ಯದ ಡಬ್ಬಿ ಚಾಚಿದ.

"ಬೇಡಿ ಸಾವ್ಕಾರ್ರೇ. ಮೂಗು ಕೆಡ್ತದೆ." ಮರಿಯಯ್ಯ ಅಂತೋಣಮ್ಮನ ಕಡೆ ತಿರುಗಿದ. "ನೋಡಮ್ಮ, ಮೂಗಿಗೆ ಜಾತಿ ಇಲ್ಲ, ಪಕ್ಷ ಇಲ್ಲ. ಇದ್ದದ್ದು ಹೇಳ್ತದೆ, ಅಷ್ಟೇ."

"ಅಷ್ಟೇ ಸಾಕು ಅಣ್ಣ. ನೀವು ಹೇಳಿದಂಗೇ ಆಗ್ಲಿ," ಎಂದಳು ಅವಳು. ಅವಳ ಮುಖ ಮೊದಲ ಸಲ ತಿಳಿಯಾಯಿತು.

ದೇವಯ್ಯ ಎದುರಿಗೆ ಕುಳಿತು ಎಲೆಅಡಿಕೆ ಜಗಿಯುತ್ತಿದ್ದ. ಮರಿಯಯ್ಯ ಮೊದಲ ಪೊಟ್ಟಣ ಎತ್ತಿ ಮೂಗಿನ ಕೆಳಗೆ ಆಡಿಸಿದ. ಕಣ್ಣು ಅರ್ಧ ಮಾತ್ರ ಮುಚ್ಚಿತ್ತು. ದೇವಯ್ಯನ ದವಡೆ ಆಡುತ್ತಿತ್ತು. ಎರಡನೆಯದು. ದವಡೆ ಆಡುತ್ತಲೇ ಇತ್ತು. ಮೂರನೆಯದನ್ನು ಎತ್ತಿದಾಗ ದವಡೆ ನಿಂತಿತು. ಕೆಂಪು ರಸ ತುಟಿಯಂಚಿಗೆ ಬಂದು ಗಲ್ಲಕ್ಕೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ನಾಲ್ಕನೆಯದಕ್ಕೆ ಮತ್ತೆ ಜಗಿಯತೊಡಗಿದ.

"ಮೂರನೇದು," ಎಂದ ಮರಿಯಯ್ಯ.

ಹಾಳೆ ಹರಿದರು. ಬಿಳಿ ನೂಲು.

"ಎಲ್ಲರೂ ಕಣ್ಣಾರೆ ಕಂಡ್ರಲ್ಲ," ಎಂದ ದೇವಯ್ಯ. "ನಾನು ತುಟಿ ಎರಡು ಮಾಡ್ಲಿಲ್ಲ. ಏನಮ್ಮ, ಇನ್ನೂ ಏನಾದ್ರೂ ಉಳಿದಿದ್ಯಾ?"

"ಇನ್ನೊಂದ್ಸಲ ಮೂಸಿ ನೋಡಣ್ಣ," ಎಂದಳು ಅಂತೋಣಮ್ಮ ಮರಿಯಯ್ಯನಿಗೆ. "ಬೆಳಗ್ಗೆ ಸೀಗೆಪುಡಿ ಹಾಕಿ ಕೈ ತೊಳ್ಕೊಂಡು ಹೊಸೆದಿದ್ದೀನಿ."

ಅವನು ಮತ್ತೆ ಮೂಸಿದ. ಸಾವಕಾಶವಾಗಿ, ಎರಡೂ ಹೊಳ್ಳೆಗಳಿಂದ.

"ಅದೇ ನಾತ ಕಣಮ್ಮ. ನಾನೇನು ಮಾಡ್ಲಿ."

ದೇವಯ್ಯ ಗೋಡೆಗೆ ಉಗಿದ. "ಈಗಲೇ ಕೋಣೆ ಬಿಡು."

ಅವಳ ಸಾಮಾನೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಹಿಡಿಸಿತು. ಅದನ್ನು ತಲೆಯ ಮೇಲೆ ಹೊತ್ತು ಚರಂಡಿ ದಾಟಿದಳು. ಹಿಂದೆಯೇ ಮರಿಯಯ್ಯನೂ ಎದ್ದು ಹೊರಟ. ಹೆಂಗಸರು ಅವಳ ಹೊಸಿಲಿಗೆ ಸಗಣಿನೀರು ಸುರಿದರು. ಪುಟ್ಟಬಸಮ್ಮ ಸೆರಗು ಇಳಿಸಿ ಉದ್ದಕ್ಕೆ ಉಸಿರೆಳೆದಳು.

"ನೋಡಿದ್ರಾ? ಅವಳು ಅತ್ತ ಹೋದ್ಲು, ನಾತಾನೂ ಹೋಯ್ತು."

ಮರಿಯಯ್ಯ ಮನೆ ಸೇರಿದ. ಹಗ್ಗದ ಮೇಲೆ ದೇವಯ್ಯನ ಕಟ್ಟುಗಳು ಒಣಗುತ್ತಿದ್ದವು. ಅದರ ಕೆಳಗೇ ತಟ್ಟೆ ಇಟ್ಟುಕೊಂಡು ಮುದ್ದೆ ಮುರಿಯುತ್ತಿದ್ದಾಗ, ತಂಗಿಯ ಬಾಣಂತನ ಮುಗಿಸಿ ಹಿನಕಲ್‌ನಿಂದ ಬಂದ ಹೆಂಡತಿ ಲಕ್ಷ್ಮಮ್ಮ ಬಾಗಿಲು ತಳ್ಳಿದಳು. ಹೊಸಿಲಲ್ಲೇ ನಿಂತಳು. ಗಂಟು ಬೀಳಿಸಿ, ಬಾಗಿ, ಜಗುಲಿಯ ಮೇಲೆಯೇ ವಾಂತಿ ಮಾಡಿಕೊಂಡಳು.

"ಅಟ್ಟದಲ್ಲಿ ಹೆಗ್ಗಣ ಸತ್ತು ಹುಳ ಸುರೀತಾ ಅವೆ, ಅದರ ಕೆಳಗೇ ಕೂತು ಉಣ್ತಿದೀರಲ್ರೀ," ಎಂದಳು ಬಾಯೊರೆಸಿಕೊಳ್ಳುತ್ತ, "ಆ ಜ್ವರದಲ್ಲಿ ಹೋದ ಮೂಗು ಇನ್ನೂ ಬರಲೇ ಇಲ್ವಾ?"