ಮಹಾದೇವನ ಪಂಕ್ತಿ

ಗಡಿಗಲ್ಲಿನಾಚೆ ಇಬ್ಬರು ನಿಂತಿದ್ದರು. ಹಿರಿಯವನ ಕೈಯಲ್ಲಿ ಕುಡುಗೋಲಿತ್ತು. ಇನ್ನೊಬ್ಬ ದೇವದಾರು ಮರಕ್ಕೊರಗಿ, ನೆಟ್ಟ ನೋಟ ಕೀಳದೆ ಗುಡಿಯ ಅಂಗಳವನ್ನೇ ನೋಡುತ್ತಿದ್ದ.

ಆ ನೋಟ ಅಂಗಳದಲ್ಲಿ ಕುಳಿತ ಬೇಲಿರಾಮನ ಬೆನ್ನಿಗೆ ನಾಟಿತ್ತು. ಶಿರಕೋಟ ಮಹಾದೇವನ ಗುಡಿಗೆ ಬೇರೆ ದಾರಿಯಿಲ್ಲ. ಸುತ್ತ ಪ್ರಪಾತ, ಎದುರಿಗೆ ಆ ಕಲ್ಲು. ಕತ್ತಲಾಗುವುದರೊಳಗೆ ಅದನ್ನು ದಾಟಲೇಬೇಕು. ದಾಟಿದ ಗಳಿಗೆಯಲ್ಲಿ ಅಲ್ಲೊಂದು ಹೆಣ ಬೀಳುವುದೂ ಖಂಡಿತ.

"ಯಾರಪ್ಪಾ ಅವರು?" ಪೂಜಾರಿ ಲೋತರಾಮ ಮೆಲ್ಲನೆ ಕೇಳಿದ. ಆ ಅಂಗಳದಲ್ಲಿ ಯಾರೂ ದನಿಯೆತ್ತುವಂತಿಲ್ಲ. ಆಯುಧ, ಚರ್ಮ ಒಳಗೆ ಬರುವಂತಿಲ್ಲ. ಬೇಲಿರಾಮನ ಸೊಂಟದ ಪಟ್ಟಿಯೂ ಕಲ್ಲಿನ ಬಳಿಯೇ ಉಳಿದಿತ್ತು.

"ನಮ್ಮಣ್ಣಂದಿರು. ಬರಿಗೈಲಿ ಹಿಂದಿರುಗೋ ಜನ ಅಲ್ಲ."

"ಸ್ವಂತ ಅಣ್ಣಂದಿರಾ! ಹೊಲದ ಜಗಳವಾ?"

"ಅದಕ್ಕಿಂತ ದೊಡ್ಡದು ಅಂತಾರೆ ಅವರು."

"ಹೆದರಬೇಡ ತಮ್ಮಾ. ಶರಣು ಬಂದವರ ಕೂದಲೂ ಇಲ್ಲಿ ಕೊಂಕಲ್ಲ. ಪೊಲೀಸರೇ ಆ ಕಲ್ಲಿನ ಹತ್ರ ಟೋಪಿ ತೆಗೆದು ನಿಲ್ತಾರೆ."

"ಇಲ್ಲಿರೋ ತನಕ ಸರಿ. ಹೊರಗೆ ಕಾಲಿಟ್ಟ ದಿನ?"

ಪೂಜಾರಿ ಊಟ ತರುವಂತೆ ಒಳಗೆ ಕೈಸನ್ನೆ ಮಾಡಿದ.

ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದುಕೊಂಡ ಹೆಂಗಸೊಬ್ಬಳು ಬಂದು ಅನ್ನ, ರಾಜ್ಮಾ ಬಡಿಸಿದಳು. ಸೌಟು ತಟ್ಟೆಯ ಅಂಚಿಗೆ ತಗುಲಿ ಕಟಕಟ ಎಂದಿತು. ಅವಳು ಕಂಬದ ಹಿಂದೆ ಸರಿದಳು. ಬೇಲಿರಾಮ ತಲೆಯೆತ್ತಲಿಲ್ಲ, ತುತ್ತನ್ನೂ ಎತ್ತಲಿಲ್ಲ.

"ಉಣ್ಣು ಮಹಾರಾಯ, ವಿಷ ಹಾಕಿಲ್ಲ. ಹೊಸ ಜೋಡಿ ಬಂದಿದೆ. ಗಂಡ ಒಲೆ ಉರಿಸ್ತಾನೆ, ಹೆಂಡತಿ ಉಪ್ಪು ಸುರೀತಾಳೆ," ಎಂದು ಪೂಜಾರಿ ನಕ್ಕ.

"ಮೊದಲು ಆ ಕತ್ತಿ ಕಥೆ ಹೇಳಿ, ಪೂಜಾರಿಗಳೇ." ಬಾಗಿಲ ತೊಲೆಯಲ್ಲಿ ತುಕ್ಕು ತಿಂದ ಕತ್ತಿಯೊಂದು ತೂಗುತ್ತಿತ್ತು. "ಅಜ್ಜಿ ಹೇಳ್ತಿದ್ದಳು. ಅರ್ಧ ಮರೆತುಹೋಗಿದೆ."

ಲೋತರಾಮ ಗರ್ಭಗುಡಿಗೆ ಕೈಮುಗಿದ. "ರಾಜನಿಗೆ ಕತ್ತಿ ಬಡಿದುಕೊಡಲ್ಲ ಅಂದ ಕಮ್ಮಾರನೊಬ್ಬ ಓಡಿಬಂದು ಇಲ್ಲಿ ಶರಣಾದ. ರಾಜ ತಮ್ಮಂದಿರ ಜೊತೆ ಬೆನ್ನಟ್ಟಿ ಬಂದ. ಒಬ್ಬನೇ ಒಳಗೆ ಬಂದ, ಹಸಿದಿದ್ದ. ಮಹಾದೇವ ಕಮ್ಮಾರನ ಕೈಯಲ್ಲೇ ಅಡುಗೆ ಮಾಡಿಸಿ ಬಡಿಸಿದ. ಉಂಡು ಕೈತೊಳೆದ ಮೇಲೆ ರಾಜ ಬಡಿಸಿದವನ ಮುಖ ನೋಡಿದ. ಕತ್ತಿ ಹಿರಿದ, ತೋಳು ಮೇಲೇಳಲಿಲ್ಲ. ಆ ಕತ್ತಿ ಇಲ್ಲೇ ಬಿಟ್ಟುಹೋದ. ಅವತ್ತಿಂದ ಶರಣು ಬಂದವರದೇ ಇಲ್ಲಿ ಅಡುಗೆ. ಅವರ ಕೈಯನ್ನ ಉಂಡವನು ಅವರ ಮೇಲೆ ಕೈಮಾಡೋ ಹಾಗಿಲ್ಲ. ಎಲ್ಲೂ, ಎಂದೂ."

"ರಾಜನ ತಮ್ಮಂದಿರು? ಅವರು ಉಣ್ಣಲಿಲ್ಲವಲ್ಲ?"

"ಒಬ್ಬ ಉಂಡರೂ ಮನೆತನವೇ ಬದ್ಧ. ಮೀರಿದವರ ಹೆಣ ಹೊರೋಕೆ ಈ ಬೆಟ್ಟದಲ್ಲಿ ಹೆಗಲು ಸಿಗಲ್ಲ." ಪೂಜಾರಿ ನಿಟ್ಟುಸಿರಿಟ್ಟ. "ಆದರೆ ನಿಮ್ಮಣ್ಣಂದಿರು ಬಂದು ಉಣ್ಣಬೇಕಲ್ಲ?"

"ಬರಲ್ಲ. ಕಥೆ ಅವರಿಗೂ ಗೊತ್ತು. ಅಲ್ಲಿ ನೀರೂ ಮುಟ್ಟಬಾರದು ಅಂತ ದೊಡ್ಡಣ್ಣ ಹೇಳ್ತಾನೇ ಇದ್ದ."

ಬೇಲಿರಾಮ ಬಹಳ ಹೊತ್ತು ತಟ್ಟೆಯನ್ನೇ ನೋಡಿದ. ಬಳಿಕ ಉಂಡ. ಅಗುಳೊಂದನ್ನೂ ಬಿಡದೆ ಉಂಡ. ಎದ್ದು ಅಂಗಳದ ಅಂಚಿಗೆ ನಡೆದು, ಬರಿದಾದ ತಟ್ಟೆಯನ್ನು ಗಡಿಗಲ್ಲಿಗೆ ಕಾಣುವಂತೆ ಎತ್ತಿ ಹಿಡಿದ.

ದೊಡ್ಡಣ್ಣ ಒಂದು ಹೆಜ್ಜೆ ಮುಂದಿಟ್ಟು ಗಕ್ಕನೆ ನಿಂತ. ಕುಡುಗೋಲು ಕೆಳಗಿಳಿಯಿತು. ಮಣ್ಣಿಗೆ ಉಗಿದು ಬೆನ್ನು ತಿರುಗಿಸಿದ. ಇನ್ನೊಬ್ಬ ಬೇಲಿರಾಮನ ಪಟ್ಟಿಯನ್ನು ಪ್ರಪಾತಕ್ಕೆಸೆದು ಅವನ ಹಿಂದೆಯೇ ಇಳಿದುಹೋದ.

"ಉಂಡವನು ನೀನು. ಅವರ್ಯಾಕೆ ಹೋದರು?" ಪೂಜಾರಿ ಬೆಪ್ಪಾಗಿ ಕೇಳಿದ.

ಬೇಲಿರಾಮ ಮೊದಲ ಬಾರಿಗೆ ಕಂಬದತ್ತ ತಿರುಗಿದ.

"ಈಗಲೂ ಉಪ್ಪು ಹೆಚ್ಚೇ ಹಾಕ್ತೀಯಲ್ಲ, ಮಗಳೇ. ನಿನ್ನ ದೊಡ್ಡಪ್ಪಂದಿರು ಇನ್ನು ನಿಮ್ಮನ್ನು ಮುಟ್ಟೋ ಹಾಗಿಲ್ಲ. ಹೋಗು, ನಿನ್ನ ಗಂಡನನ್ನೂ ಕರಿ. ಕತ್ತಲಾಗೋ ಮುಂಚೆ ಕಲ್ಲು ದಾಟೋಣ."