ಸೇತುವೆ ಮೇಲೆ ಯಾರೂ ಆಡದ ಮಾತು

ಗಂಗಾವತಿ ಕಡೆಯ ಒಂದು ಊರು. ಊರಿಗೆ ಅಂಟಿಕೊಂಡೇ ದೊಡ್ಡ ಕಾಲುವೆ... ಅದರ ಮೇಲೊಂದು ಸೇತುವೆ.

ಭಾನುವಾರ ಬಂತೆಂದರೆ ಹತ್ತನೇ ಕ್ಲಾಸಿನ ಹುಡುಗರ ಗ್ಯಾಂಗು ಅಲ್ಲೇ. ಸೇತುವೆಯಿಂದ ನೀರಿಗೆ ಜಿಗಿಯುವುದೇ ಅವರ ಹಬ್ಬ.

ನೀರು ಅಳೆಯಲು ಸೇತುವೆಯ ಕಂಬಕ್ಕೆ ಬಿಳಿ ಬಣ್ಣದಲ್ಲಿ ಅಡಿಗಳ ಗೆರೆ ಬರೆದಿತ್ತು. ಎಂಟರ ಗೆರೆ ಮುಳುಗಿದ್ದರೆ ಮಾತ್ರ ಜಿಗಿಯಬೇಕು... ಇದು ಹುಡುಗರೇ ಮಾಡಿಕೊಂಡ ಕಾನೂನು.

ಇನ್ನೊಂದು ಕಾನೂನೂ ಇತ್ತು. ಹೆದರಿ ಹಿಂದೆ ಸರಿದವನ ಕೈಗೆ ಬಳೆ ತೊಡಿಸಿ ಬಸ್ ಸ್ಟ್ಯಾಂಡಿನವರೆಗೆ ಮೆರವಣಿಗೆ ಮಾಡುವುದು!

ಹಿಂದಿನ ವಾರ ಯಮನೂರನಿಗೆ ತೊಡಿಸಿದ್ದರು. ಜ್ವರ ಇದೆ ಅಂದರೂ ಬಿಟ್ಟಿರಲಿಲ್ಲ. ಇಡೀ ಕ್ಲಾಸು ವಾರವೆಲ್ಲ ನಕ್ಕಿತ್ತು...

ಈ ಭಾನುವಾರ ತಲೆ ಕೆಳಗೆ ಮಾಡಿ ಜಿಗಿಯುವ ಪಾಳಿ ಅವನ ಜೀವದ ಗೆಳೆಯ ಹುಲಿಗೇಶನದು.

ಯಮನೂರ ಕಂಬದ ಕಡೆ ನೋಡಿದ. ಕಾಲುವೆಯ ಮೇಲ್ಗಡೆಯ ಗೇಟು ಇಳಿಸಿದ್ದರೇನೋ... ನೀರು ನಾಲ್ಕರ ಗೆರೆಗೆ ಬಂದಿತ್ತು!

"ಬ್ಯಾಡಲೇ" ಎನ್ನುವ ಮಾತು ನಾಲಿಗೆ ತುದಿಗೆ ಬಂತು.

ಅಷ್ಟರಲ್ಲಿ ಮೊಬೈಲ್ ಹಿಡಿದಿದ್ದ ಶಾಮೀದ ಕೂಗಿದ. "ಏನಲೇ ಹುಲಿಗ್ಯಾ, ನಿಂತಲ್ಲೇ ಬೇರು ಬಿಟ್ಟಿಯೇನು? ಯಮನೂರಗ ತೊಡಿಸಿದ ಬಳಿ ನಿನಗ ಸೈಜ್ ಆಕ್ಕಾವು ನೋಡು!"

ಎಲ್ಲರೂ ನಕ್ಕರು. ಯಮನೂರನೂ ನಕ್ಕ... ಈ ಸಲ ಸಿಕ್ಕಿಬಿದ್ದವನು ತಾನಲ್ಲ ಎಂಬ ಸಮಾಧಾನಕ್ಕೆ.

"ಹಾರಲೇ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನೂ ಅವನೇ.

ಹುಲಿಗೇಶ ಹಾರಿದ.

ಜೀವ ಉಳಿಯಿತು... ಆದರೆ ಕತ್ತಿನಿಂದ ಕೆಳಗೆ ಮೈ ಅವನ ಮಾತು ಕೇಳುವುದನ್ನೇ ಬಿಟ್ಟಿತು.

ನಾಲ್ಕು ದಿನ ಎಲ್ಲರ ಸ್ಟೇಟಸ್‌ನಲ್ಲೂ ಅವನದೇ ಫೋಟೋ. "ಬೇಗ ಎದ್ದು ಬಾ ಹುಲೀ!" ಥೂ... ಐದನೇ ದಿನ ಅವನ ಮನೆ ಕಡೆ ಒಂದು ನಾಯಿಯೂ ಸುಳಿಯಲಿಲ್ಲ.

ಯಮನೂರನೂ ಐದು ತಿಂಗಳು ಆ ಓಣಿ ತುಳಿಯಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ತಡೆಯಲಾರದೆ ಹೋದ.

"ಬಾರಪಾ ಯಮನೂರಾ... ದಿನಾ ನಿನ್ನ ಕೇಳತಾನ" ಎಂದು ಹುಲಿಗೇಶನ ಅವ್ವ ಒಳಗೆ ಕರೆದಳು.

ಯಮನೂರ ಮಂಚದ ಪಕ್ಕ ಕುಸಿದ. "ದೋಸ್ತಾ... ನೀರು ಇಳಿದಿದ್ದು ನಾ ನೋಡಿದ್ನಲೇ. ನಗತಾರಂತ ಬಾಯಿ ಬಿಡಲಿಲ್ಲ. ಬೈಯಲೇ ನನಗ... ಉಗಳು!"

ಹುಲಿಗೇಶ ಸೂರು ನೋಡುತ್ತಲೇ ಅಂದ.

"ನಾನೂ ನೋಡಿದ್ದೆ."

"ಏನು?"

"ನಾಲ್ಕರ ಗೆರಿ. ಒಲ್ಲೆ ಅಂದ್ರ ನಗತೀರಂತ ಸುಮ್ನಾದೆ. ಯಾರರ ಒಬ್ರು ಬ್ಯಾಡ ಅಂತೀರೇನೋ ಅಂತ ಕಾದೆ..."

ಅವನ ಕಣ್ಣಂಚಿನಿಂದ ನೀರು ಕಿವಿಗಿಳಿಯಿತು. ಒರೆಸಿಕೊಳ್ಳಲು ಅವನ ಕೈ ಏಳಲಿಲ್ಲ.

"ಆಮ್ಯಾಲ ನೀ ಹಾರು ಅಂದಿ. ಯಮನೂರನೇ ಅಂದ ಮ್ಯಾಲ ಏನೂ ಆಗಂಗಿಲ್ಲ ಅನ್ಕೊಂಡೆ."



"ಯಪ್ಪಾ, ಅವನ್ನ ಒಂಚೂರು ಮಗ್ಗಲಾ ಹೊಳ್ಳಸ್ತೀಯೇನು? ನನ್ನೊಬ್ಬಾಕಿ ಕೈಲಿ ಆಗವಲ್ದು" ಎಂದಳು ಅವ್ವ.

ಯಮನೂರ ಎದ್ದು ಗೆಳೆಯನ ಬೆನ್ನ ಕೆಳಗೆ ಎರಡೂ ಕೈ ಕೊಟ್ಟ. ಅಂದಿನಿಂದ ದಿನಾ ಎರಡು ಹೊತ್ತು ಬಂದು ಹೊರಳಿಸಿ ಹೋಗುತ್ತಾನೆ.

ಹುಲಿಗೇಶ ಮಾತ್ರ ಇನ್ನೂ ಎದ್ದಿಲ್ಲ...

ಜೊತೆಗೆ ಕೂಗುವವರು ಹತ್ತು ಜನ ಸಿಗುತ್ತಾರೆ... "ಬೇಡ" ಎಂದು ಅಂಗಿ ಹಿಡಿದು ಜಗ್ಗುವವನೇ ಗೆಳೆಯ.

ನಿಮ್ಮ ಗ್ಯಾಂಗಿನಲ್ಲಿ ಅಂಥವನು ಯಾರು? ಅಥವಾ ಅಲ್ಲಿಯೂ ಎಲ್ಲರೂ ಇನ್ನೊಬ್ಬನ ಬಾಯಿಯನ್ನೇ ಕಾಯುತ್ತಾ ನಿಂತಿದ್ದೀರಾ?