ಪದರ ಬಿಡದ ರಕ್ತ

ಹೊಕ್ಕುಳಬಳ್ಳಿಯ ರಕ್ತ ತಾಯಿಯ ದನಿ ಕೇಳಿದರೆ ಮಾತ್ರ ಕೆಂಪು ಕೆಳಗೆ, ತಿಳಿ ಮೇಲೆ ಎಂದು ಪದರ ಬಿಡುತ್ತದೆ. ಹಾಗಾಗಿ ವಿಜಯಪುರದ ಲ್ಯಾಬಿಗೆ ಬರುವ ಪ್ರತಿ ರಕ್ತದ ಚೀಲದ ಜೊತೆ ತಾಯಿಯ ರೆಕಾರ್ಡಿಂಗೂ ಬರುತ್ತದೆ. ಇವತ್ತಿನ ಚೀಲ ಮಾತ್ರ ನಾಲ್ಕು ಸಲ ಜೋಗುಳ ಕೇಳಿಸಿದರೂ ಕದಲಲಿಲ್ಲ. ಇನ್ನು ಇಪ್ಪತ್ತು ನಿಮಿಷ ಕಳೆದರೆ ಅದನ್ನು ಚೆಲ್ಲಬೇಕು. ಮುಂದೆ ಕಾಯಿಲೆ ಬಿದ್ದರೆ ಆ ಮಗುವಿಗೆ ಮದ್ದಾಗುವುದು ಈ ರಕ್ತವೇ, ಜೀವಮಾನವಿಡೀ ಬೇರೆ ಇಲ್ಲ. ಟೆಕ್ನಿಶಿಯನ್ ಅಂಬುಜಾ ಮಗುವಿನ ತಂದೆಗೆ ಫೋನ್ ಮಾಡಿದಳು.

“ಖರೇ ಹೇಳ್ರಿ, ಇದು ತಾಯಿ ದನಿನ ಏನು?”

ಆತ ತಡವರಿಸಿದ. “ಆಕಿಗೆ ಮಾತು ಬರಂಗಿಲ್ರಿ ಅಕ್ಕಾರ. ಮಂದಿ ಏನಂದಾರು ಅಂತ ನಮ್ಮ ತಂಗಿ ಕಡಿಂದ ಹಾಡಿಸಿ ಕಳಿಸಿದ್ವಿ.”

ಅಂಬುಜಾಳಿಗೆ ಸಿಟ್ಟು ನೆತ್ತಿಗೇರಿತು. “ಬೈಯಾಕೂ ಟೈಮ್ ಇಲ್ಲ. ಬಸುರಿದ್ದಾಗ ಆಕಿ ದಿನಾ ಏನ್ ಮಾಡ್ತಿದ್ಳು?”

“ರೊಟ್ಟಿ ಬಡೀತಿದ್ಳ್ರಿ.”

“ಹಂಗಾರ ಫೋನ್ ಆಕಿ ಹತ್ರ ಹಿಡೀರಿ. ಈಗೂ ಬಡೀಲಿ.”

ಫೋನಿನ ಆ ಕಡೆ ಬಾಣಂತಿ ಮಂಚದ ಹಲಗೆಯ ಮೇಲೆ ಅಂಗೈಯಿಂದ ಬಡಿಯತೊಡಗಿದಳು. ಪಟ್ ಪಟ್, ರೊಟ್ಟಿ ತಿರುವುವಷ್ಟು ಬಿಡುವು, ಮತ್ತೆ ಪಟ್ ಪಟ್. ಅಂಬುಜಾ ತನ್ನ ಫೋನನ್ನು ಚೀಲಕ್ಕೆ ಹಿಡಿದಳು. ಚೀಲದೊಳಗಿನ ಕೆಂಪು ಮೆಲ್ಲಗೆ ತಳಕ್ಕಿಳಿಯಿತು.

ಚೀಲದ ಚೀಟಿಯ ಮೇಲೆ ಮನೆಯವರು ‘ತಾಯಿಯ ದನಿ’ ಎಂದು ಸುಳ್ಳು ಬರೆದಿದ್ದರು. ಅಂಬುಜಾ ಅದನ್ನು ತಿದ್ದಲಿಲ್ಲ.